ಪ್ರಾಸ್ಟೇಟ್ ಕ್ಯಾನ್ಸರ್‌ಗೆ ರೇಡಿಯೇಷನ್ ಚಿಕಿತ್ಸೆ: ಪದೇ ಪದೇ ಕೇಳುವ ಪ್ರಶ್ನೆಗಳು

ಬಯಾಪ್ಸಿ ರಿಪೋರ್ಟ್ ಹಿಡಿದು ಡಾಕ್ಟರ್ ಎದುರು ಕೂತಾಗ, ಕೇಳಬೇಕು ಅಂದುಕೊಂಡಿದ್ದರಲ್ಲಿ ಅರ್ಧ ಮರೆತೇ ಹೋಗುತ್ತದೆ. ಇನ್ನರ್ಧ ಕೇಳೋಕೆ ಸಂಕೋಚ. ಮೂತ್ರ, ಮಲ, ಲೈಂಗಿಕ ಜೀವನ, ಇವುಗಳ ಬಗ್ಗೆ ಬಾಯಿ ಬಿಟ್ಟು ಮಾತಾಡೋದು ಸುಲಭ ಅಲ್ಲ. ಹಾಗಾಗಿ ಇಲ್ಲಿ ಎಲ್ಲವನ್ನೂ ನೇರವಾಗಿಯೇ ಬರೆದಿದ್ದೇನೆ. ನಿಮ್ಮ ರಿಪೋರ್ಟ್ ನೋಡಿದ ಡಾಕ್ಟರ್ ಹೇಳುವುದೇ ಕೊನೆಯ ಮಾತು. ಅವರನ್ನು ಏನು ಕೇಳಬೇಕು ಅಂತ ತಿಳಿದುಕೊಂಡು ಹೋಗಲು ಇದನ್ನು ಓದಿ.

ರೇಡಿಯೇಷನ್ ಅಂದರೆ ಗಡ್ಡೆಯನ್ನು ಸುಟ್ಟುಹಾಕೋದಾ?

ಅಲ್ಲ. ಇಲ್ಲಿ ಬಿಸಿ ಅನ್ನೋದೇ ಇಲ್ಲ. ಹೆಚ್ಚು ಶಕ್ತಿಯ ಎಕ್ಸ್‌ರೇ ಕಿರಣಗಳು ಜೀವಕೋಶದೊಳಗಿನ ಡಿಎನ್‌ಎಯನ್ನು ಮುರಿಯುತ್ತವೆ. ಆರೋಗ್ಯವಂತ ಕೋಶಗಳು ಈ ಪೆಟ್ಟನ್ನು ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ಸರಿಮಾಡಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಆ ಶಕ್ತಿ ಕಡಿಮೆ. ಮುಂದೆ ಒಡೆದು ಎರಡಾಗಲು ಹೋದಾಗ ಅವು ಸಾಯುತ್ತವೆ.

ಪ್ರಾಸ್ಟೇಟ್ ಅಂದರೆ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಗ್ರಂಥಿ. ಅದರ ಕ್ಯಾನ್ಸರ್ ಕೋಶಗಳು ಒಡೆಯುವುದೇ ನಿಧಾನ. ಹಾಗಾಗಿ ಅವು ಸಾಯುವುದೂ ನಿಧಾನ. ಚಿಕಿತ್ಸೆ ಮುಗಿದ ಮೇಲೂ ತಿಂಗಳುಗಟ್ಟಲೆ ಒಳಗೆ ಕೆಲಸ ನಡೆಯುತ್ತಲೇ ಇರುತ್ತದೆ. ಇದೊಂದು ಗೊತ್ತಿದ್ದರೆ ಮುಂದೆ ಪಿಎಸ್‌ಎ (ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಪ್ರೋಟೀನಿನ ಪರೀಕ್ಷೆ) ರಿಪೋರ್ಟ್ ನೋಡಿ ಗಾಬರಿಯಾಗುವುದು ಎಷ್ಟೋ ತಪ್ಪುತ್ತದೆ.

ಆಪರೇಷನ್ ಒಳ್ಳೆಯದಾ, ರೇಡಿಯೇಷನ್ ಒಳ್ಳೆಯದಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದೇ. "ಆಪರೇಷನ್ ತಡೆದುಕೊಳ್ಳಲು ಆಗದವರಿಗೆ ರೇಡಿಯೇಷನ್" ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಹಳೆಯ ಕಾಲದ ಮಾತು. ದಯವಿಟ್ಟು ಅದನ್ನು ಮನಸ್ಸಿನಿಂದ ತೆಗೆದುಹಾಕಿ.

ಬ್ರಿಟನ್ನಿನಲ್ಲಿ ಪ್ರೊಟೆಕ್ಟ್ ಎಂಬ ದೊಡ್ಡ ಅಧ್ಯಯನ ನಡೆಯಿತು. ಪ್ರಾಸ್ಟೇಟ್ ಒಳಗೇ ಕ್ಯಾನ್ಸರ್ ಇದ್ದ 1,643 ಗಂಡಸರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಆಪರೇಷನ್, ಒಂದಕ್ಕೆ ಹಾರ್ಮೋನ್ ಜೊತೆ ರೇಡಿಯೇಷನ್, ಇನ್ನೊಂದಕ್ಕೆ ಸದ್ಯಕ್ಕೆ ಚಿಕಿತ್ಸೆ ಇಲ್ಲದೆ ಬರೀ ನಿಗಾ. 15 ವರ್ಷದ ಫಲಿತಾಂಶ 2023ರಲ್ಲಿ ಬಂತು. ಮೂರೂ ಗುಂಪುಗಳಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 100ಕ್ಕೆ ಸುಮಾರು 3 ಜನ. ಮೂರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕ್ಯಾನ್ಸರ್ ಬೇರೆ ಕಡೆ ಹರಡಿದ್ದು ಮಾತ್ರ ಬರೀ ನಿಗಾದಲ್ಲಿದ್ದವರಲ್ಲಿ ಜಾಸ್ತಿ, ಅಂದರೆ ಶೇ. 9ರಷ್ಟು. ಉಳಿದೆರಡು ಗುಂಪುಗಳಲ್ಲಿ ಶೇ. 5ರ ಆಸುಪಾಸು.

ನಿಜವಾದ ವ್ಯತ್ಯಾಸ ಇರುವುದು ಆಮೇಲಿನ ಬದುಕಿನಲ್ಲಿ. 12 ವರ್ಷ ಆದ ಮೇಲೆ ನೋಡಿದಾಗ, ಆಪರೇಷನ್ ಗುಂಪಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ಮೂತ್ರ ಸೋರುವುದಕ್ಕೆ ಪ್ಯಾಡ್ ಹಾಕಿಕೊಳ್ಳುತ್ತಿದ್ದರು. ರೇಡಿಯೇಷನ್ ಗುಂಪಿನಲ್ಲಿ ಇದು ಶೇ. 8ರಷ್ಟು. ಮಲದ ವಿಷಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಆಗಾಗ ಮಲ ಸೋರುವ ತೊಂದರೆ ರೇಡಿಯೇಷನ್ ಗುಂಪಿನಲ್ಲಿ ಶೇ. 12, ಆಪರೇಷನ್ ಗುಂಪಿನಲ್ಲಿ ಶೇ. 6. ಲೈಂಗಿಕ ಶಕ್ತಿ ಆಪರೇಷನ್ ಆದವರಲ್ಲಿ ತಕ್ಷಣ ಕುಸಿಯುತ್ತದೆ, ರೇಡಿಯೇಷನ್ ಆದವರಲ್ಲಿ ನಿಧಾನಕ್ಕೆ ಇಳಿಯುತ್ತದೆ.

ಹಾಗಾಗಿ "ಯಾವುದು ಒಳ್ಳೆಯದು" ಅನ್ನುವುದಕ್ಕಿಂತ "ಯಾವ ತೊಂದರೆಯ ಜೊತೆ ನಾನು ಬದುಕಬಲ್ಲೆ" ಎಂದು ಕೇಳಿಕೊಳ್ಳುವುದು ಮೇಲು. ನನ್ನ ಬಲವಾದ ಸಲಹೆ ಒಂದೇ: ನಿರ್ಧಾರ ಮಾಡುವ ಮೊದಲು ಮೂತ್ರರೋಗ ಸರ್ಜನ್ ಮತ್ತು ರೇಡಿಯೇಷನ್ ತಜ್ಞರು, ಇಬ್ಬರನ್ನೂ ಭೇಟಿ ಮಾಡಿ. ಒಬ್ಬರ ಹತ್ತಿರ ಮಾತ್ರ ಹೋದರೆ ಅವರಿಗೆ ಚೆನ್ನಾಗಿ ಗೊತ್ತಿರುವ ದಾರಿಯೇ ಮುಂದೆ ಬರುವುದು ಸಹಜ. ಇಬ್ಬರ ಮಾತು ಕೇಳುವುದು ಯಾರಿಗೂ ಅವಮಾನ ಅಲ್ಲ.

ತಡ ಮಾಡಿದರೆ ಹರಡಿಬಿಡುತ್ತಾ? ನಾಳೆಯೇ ಶುರು ಮಾಡಬೇಕಾ?

ಬಹಳಷ್ಟು ಪ್ರಾಸ್ಟೇಟ್ ಕ್ಯಾನ್ಸರ್‌ಗಳು ನಿಧಾನವಾಗಿ ಬೆಳೆಯುತ್ತವೆ. ಯೋಚಿಸಲು, ಎರಡನೇ ಅಭಿಪ್ರಾಯ ಕೇಳಲು ಕೆಲವು ವಾರ ತೆಗೆದುಕೊಂಡರೆ ನಷ್ಟವಿಲ್ಲ. ಪಿಎಸ್‌ಎ 10ಕ್ಕಿಂತ ಕಡಿಮೆ, ಕ್ಯಾನ್ಸರ್ ಎಷ್ಟು ಉಗ್ರ ಅಂತ ಬಯಾಪ್ಸಿಯಿಂದ ಹೇಳುವ ಗ್ಲೀಸನ್ ಸ್ಕೋರ್ 6, ಗಡ್ಡೆ ಚಿಕ್ಕದು ಅಂತಿದ್ದರೆ ಎಷ್ಟೋ ಜನಕ್ಕೆ ಚಿಕಿತ್ಸೆಯೇ ಬೇಡ. ರಕ್ತ ಪರೀಕ್ಷೆ, ಎಂಆರ್‌ಐ, ಬೇಕಾದಾಗ ಮತ್ತೆ ಬಯಾಪ್ಸಿ ಮಾಡಿಸಿಕೊಂಡು ಕಣ್ಣಿಟ್ಟಿದ್ದರೆ ಸಾಕು. ಅಂಥವರು ಹೆದರಿಕೆಗೆ ರೇಡಿಯೇಷನ್ ತೆಗೆದುಕೊಂಡು ಸುಮ್ನೆ ಅಡ್ಡಪರಿಣಾಮ ಅನುಭವಿಸುವುದು ನೋವಿನ ಸಂಗತಿ.

ಗ್ಲೀಸನ್ 8, 9, 10 ಇದ್ದರೆ ಕತೆ ಬೇರೆ. ಅಲ್ಲಿ ತಿಂಗಳುಗಟ್ಟಲೆ ಮುಂದೂಡಬೇಡಿ.

ಒಟ್ಟು ಎಷ್ಟು ದಿನ ಹೋಗಿಬರಬೇಕು?

ಹಿಂದೆ ವಾರಕ್ಕೆ 5 ದಿನದಂತೆ 7ರಿಂದ 8 ವಾರ ಹೋಗಬೇಕಿತ್ತು. ಈಗ ಆ ಲೆಕ್ಕ ಬದಲಾಗಿದೆ. 37 ಬಾರಿ ಕೊಡುತ್ತಿದ್ದ 74 ಗ್ರೇ ಬದಲು 20 ಬಾರಿಯಲ್ಲಿ 60 ಗ್ರೇ ಕೊಟ್ಟರೂ ಫಲ ಕಡಿಮೆಯಾಗುವುದಿಲ್ಲ ಎಂದು ಚಿಪ್ ಎಂಬ ಅಧ್ಯಯನ 2016ರಲ್ಲಿ ತೋರಿಸಿತು. ಗ್ರೇ ಅಂದರೆ ವಿಕಿರಣದ ಅಳತೆ. ಈಗ ಅನೇಕ ಕಡೆ 4 ವಾರದ ಈ ಕ್ರಮವೇ ಸಾಮಾನ್ಯ.

ಇನ್ನೂ ಮುಂದೆ ಹೋಗಿ 5 ಬಾರಿಯಲ್ಲೇ ಮುಗಿಸುವ ಕ್ರಮವೂ ಬಂದಿದೆ. ಇದನ್ನು ಎಸ್‌ಬಿಆರ್‌ಟಿ ಅನ್ನುತ್ತಾರೆ. ಪೇಸ್-ಬಿ ಅಧ್ಯಯನದ 5 ವರ್ಷದ ಫಲಿತಾಂಶ 2024ರಲ್ಲಿ ಪ್ರಕಟವಾಯಿತು. 5 ಬಾರಿ ತೆಗೆದುಕೊಂಡವರಲ್ಲಿ ಸುಮಾರು ಶೇ. 96, ಹೆಚ್ಚು ವಾರ ತೆಗೆದುಕೊಂಡವರಲ್ಲಿ ಸುಮಾರು ಶೇ. 95 ಜನ ಕ್ಯಾನ್ಸರ್ ಮರಳದೆ ಇದ್ದರು. ಮೂತ್ರದ ಕಿರಿಕಿರಿ ಮಾತ್ರ 5 ಬಾರಿಯವರಲ್ಲಿ ಸ್ವಲ್ಪ ಜಾಸ್ತಿ ಕಂಡಿತು. ಆ ಅಧ್ಯಯನದಲ್ಲಿದ್ದವರು ಕಡಿಮೆ ಮತ್ತು ಮಧ್ಯಮ ಅಪಾಯದವರು ಎನ್ನುವುದು ನೆನಪಿರಲಿ. ಪಿಎಸ್‌ಎ, ಗ್ಲೀಸನ್ ಸ್ಕೋರ್, ಗಡ್ಡೆಯ ಗಾತ್ರ ನೋಡಿ ಡಾಕ್ಟರ್ ಹೀಗೆ ಅಪಾಯದ ಗುಂಪು ಮಾಡುತ್ತಾರೆ.

ಬಾರಿ ಕಡಿಮೆ ಮಾಡಿದರೂ ಕೆಲಸ ಆಗುವುದು ಹೇಗೆ? ಬೇರೆ ಎಷ್ಟೋ ಕ್ಯಾನ್ಸರ್‌ಗಳಿಗಿಂತ ಭಿನ್ನವಾಗಿ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳಿಗೆ ಒಮ್ಮೆಗೇ ಕೊಡುವ ದೊಡ್ಡ ಡೋಸ್ ಚೆನ್ನಾಗಿ ತಟ್ಟುತ್ತದೆ. ದೂರದಿಂದ ಬರುವವರು, ಕೆಲಸ ಬಿಡಲು ಆಗದವರು "ನನಗೆ ಕಡಿಮೆ ದಿನದ್ದು ಆಗುತ್ತಾ?" ಅಂತ ಖಂಡಿತ ಕೇಳಿ. ಪ್ರಾಸ್ಟೇಟ್ ತುಂಬಾ ದೊಡ್ಡದಿದ್ದರೆ ಅಥವಾ ಮೂತ್ರ ಹೋಗಲು ಈಗಾಗಲೇ ಬಹಳ ಕಷ್ಟವಿದ್ದರೆ ಬೇಡ ಅನ್ನಬಹುದು.

ರೇಡಿಯೇಷನ್ ಜೊತೆ ಹಾರ್ಮೋನ್ ಇಂಜೆಕ್ಷನ್ ಯಾಕೆ?

ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಟೆಸ್ಟೋಸ್ಟೆರಾನ್ ಹಾರ್ಮೋನಿನ ಬಲದಿಂದ. ಲ್ಯುಪ್ರೊಲೈಡ್, ಗೊಸೆರೆಲಿನ್, ಡೆಗರೆಲಿಕ್ಸ್ ಮುಂತಾದ ಔಷಧಿಗಳು ಅದನ್ನು ತಗ್ಗಿಸುತ್ತವೆ. ಆಗ ರೇಡಿಯೇಷನ್ ಹೆಚ್ಚು ಪರಿಣಾಮ ಮಾಡುತ್ತದೆ. ಅಪಾಯ ಕಡಿಮೆ ಇದ್ದವರಿಗೆ ಇದು ಬೇಕಿಲ್ಲ. ಮಧ್ಯಮ ಅಪಾಯದಲ್ಲಿ ಬೇಕೆನಿಸಿದವರಿಗೆ 4ರಿಂದ 6 ತಿಂಗಳು. ಹೆಚ್ಚು ಅಪಾಯ ಇದ್ದರೆ ಒಂದೂವರೆಯಿಂದ 3 ವರ್ಷ. ಆ ಗುಂಪಿನಲ್ಲಿ ಹಾರ್ಮೋನ್ ಸೇರಿಸಿದರೆ ಆಯಸ್ಸು ಹೆಚ್ಚುತ್ತದೆ ಎನ್ನುವುದಕ್ಕೆ ಗಟ್ಟಿ ಸಾಕ್ಷಿ ಇದೆ.

ಎಷ್ಟೋ ಜನ "ರೇಡಿಯೇಷನ್‌ನಿಂದ ಸುಸ್ತಾದೆ" ಅನ್ನುತ್ತಾರೆ. ಆ ಸುಸ್ತಿನ ಹಿಂದೆ ಬಹಳ ಸಲ ಈ ಇಂಜೆಕ್ಷನ್ ಇರುತ್ತದೆ. ಮೈ ಇದ್ದಕ್ಕಿದ್ದಂತೆ ಬಿಸಿಯಾಗಿ ಬೆವರುವುದು, ತೂಕ ಏರುವುದು, ಸ್ನಾಯು ಕರಗುವುದು, ಲೈಂಗಿಕ ಆಸೆ ಹೋಗುವುದು, ಮೂಳೆ ಸವೆಯುವುದು, ಮನಸ್ಸು ಕುಗ್ಗುವುದು, ಎಲ್ಲವೂ ಇದರ ಪರಿಣಾಮ. ಸಕ್ಕರೆ ಕಾಯಿಲೆ ಮತ್ತು ಹೃದಯದ ತೊಂದರೆ ಇದ್ದವರು ಮೊದಲೇ ಹೇಳಬೇಕು. ದಿನವೂ ನಡೆಯುವುದು ಮತ್ತು ವಾರಕ್ಕೆ ಎರಡು ಮೂರು ಸಲ ಸ್ನಾಯುಗಳಿಗೆ ಭಾರದ ವ್ಯಾಯಾಮ ಮಾಡುವುದು ನಿಜಕ್ಕೂ ಸಹಾಯ ಮಾಡುತ್ತದೆ. ಸುಸ್ತಾಗಿದೆ ಅಂತ ಪೂರ್ತಿ ಮಲಗಿದರೆ ಸುಸ್ತು ಇನ್ನೂ ಹೆಚ್ಚಾಗುತ್ತದೆ.

ಶುರುವಾಗುವ ಮೊದಲು ಏನೇನು ಮಾಡುತ್ತಾರೆ?

ಮೊದಲು ಪ್ಲಾನಿಂಗ್ ಸಿಟಿ ಸ್ಕ್ಯಾನ್. ದಿನವೂ ಹೇಗೆ ಮಲಗಬೇಕೋ ಹಾಗೇ ಮಲಗಿಸಿ ತೆಗೆಯುತ್ತಾರೆ. ಜೊತೆಗೆ ಎಂಆರ್‌ಐ ಇದ್ದರೆ ಪ್ರಾಸ್ಟೇಟ್ ಅಂಚು ಸ್ಪಷ್ಟವಾಗಿ ಕಾಣುತ್ತದೆ. ಚರ್ಮದ ಮೇಲೆ ಸಣ್ಣ ಚುಕ್ಕೆಗಳಂಥ ಗುರುತು ಹಾಕಬಹುದು. ಕೆಲವು ಕಡೆ ಪ್ರಾಸ್ಟೇಟ್ ಒಳಗೆ ಮೂರು ನಾಲ್ಕು ಪುಟ್ಟ ಚಿನ್ನದ ಚೂರುಗಳನ್ನು ಸೂಜಿಯಿಂದ ಇಡುತ್ತಾರೆ. ಅವು ದಿನವೂ ಗುರಿ ಹಿಡಿಯಲು ದಾರಿ ತೋರಿಸುತ್ತವೆ, ಒಳಗೇ ಉಳಿದರೂ ತೊಂದರೆಯಿಲ್ಲ. ಪ್ರಾಸ್ಟೇಟ್ ಮತ್ತು ಗುದನಾಳದ ನಡುವೆ ಜೆಲ್ ತುಂಬಿ ಅಂತರ ಮಾಡುವ ವಿಧಾನವೂ ಇದೆ. ಆ ಜೆಲ್ ಸುಮಾರು 6 ತಿಂಗಳಲ್ಲಿ ತಾನಾಗಿ ಕರಗಿಹೋಗುತ್ತದೆ.

ಇದಾದ ಮೇಲೆ ಒಂದೆರಡು ವಾರ ಯಾರೂ ಕರೆಯದಿದ್ದರೆ ನಿಮ್ಮನ್ನು ಮರೆತಿದ್ದಾರೆ ಅಂತಲ್ಲ. ಆ ಹೊತ್ತಿನಲ್ಲಿ ಡಾಕ್ಟರ್ ಮತ್ತು ಮೆಡಿಕಲ್ ಫಿಸಿಸಿಸ್ಟ್ ಸೇರಿ ಕಿರಣ ಎಲ್ಲಿಂದ, ಎಷ್ಟು ಬೀಳಬೇಕು ಅಂತ ಲೆಕ್ಕ ಹಾಕುತ್ತಿರುತ್ತಾರೆ.

ದಿನವೂ ನೀರು ಕುಡಿಸಿ ಕಾಯಿಸುತ್ತಾರೆ, ಮಲ ಹೋಗಿ ಬನ್ನಿ ಅನ್ನುತ್ತಾರೆ. ಇಷ್ಟೊಂದು ಕಟ್ಟುನಿಟ್ಟು ಬೇಕಾ?

ಬೇಕೇ ಬೇಕು. ಇಡೀ ಚಿಕಿತ್ಸೆಯಲ್ಲಿ ನಿಮ್ಮ ಕೈಯಲ್ಲಿರುವ ದೊಡ್ಡ ಕೆಲಸ ಇದೇ.

ಪ್ರಾಸ್ಟೇಟ್ ಇರುವ ಜಾಗ ನೋಡಿ. ಮೇಲೆ ಮೂತ್ರಕೋಶ, ಹಿಂದೆ ಗುದನಾಳ, ನಡುವೆ ಪ್ರಾಸ್ಟೇಟ್. ಮೂತ್ರಕೋಶ ತುಂಬಿದ್ದರೆ ಅದರ ಬಹುಭಾಗ ಮೇಲೆದ್ದು ಕಿರಣದ ದಾರಿಯಿಂದ ಆಚೆ ಹೋಗುತ್ತದೆ. ಸಣ್ಣ ಕರುಳನ್ನೂ ಮೇಲಕ್ಕೆ ತಳ್ಳುತ್ತದೆ. ಗುದನಾಳದಲ್ಲಿ ಮಲ ಅಥವಾ ಗ್ಯಾಸ್ ತುಂಬಿದ್ದರೆ ಅದು ಪ್ರಾಸ್ಟೇಟನ್ನೇ ಮುಂದಕ್ಕೆ ಒತ್ತುತ್ತದೆ. ಈಗಿನ ಚಿಕಿತ್ಸೆಯಲ್ಲಿ ಗುರಿಯ ಸುತ್ತ ಬಿಡುವ ಜಾಗ ಕೆಲವೇ ಮಿಲಿಮೀಟರ್. ಅಷ್ಟು ಜರುಗಿದರೂ ಸಾಕು, ಕ್ಯಾನ್ಸರ್‌ಗೆ ಬೀಳಬೇಕಾದ ಡೋಸ್ ಗುದನಾಳದ ಗೋಡೆಗೆ ಬೀಳಬಹುದು.

ಸಾಮಾನ್ಯವಾಗಿ ಮೂತ್ರ ಮಾಡಿ, ಹೇಳಿದ ಅಳತೆಯ ನೀರು ಕುಡಿದು, ಅರ್ಧದಿಂದ ಒಂದು ಗಂಟೆ ಕಾಯಲು ಹೇಳುತ್ತಾರೆ. ಅಳತೆ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ಥರ. ಅವರು ಹೇಳಿದ್ದನ್ನೇ ಪಾಲಿಸಿ, ಜಾಸ್ತಿ ಕುಡಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಮಲಬದ್ಧತೆ ಇದ್ದರೆ ಮೊದಲ ದಿನವೇ ಹೇಳಿ ಔಷಧಿ ಕೇಳಿ. ಗ್ಯಾಸ್ ಹೆಚ್ಚಿಸುವ ಆಹಾರ ನಿಮಗೆ ಯಾವುದು ಅಂತ ನಿಮಗೇ ಗೊತ್ತಿರುತ್ತೆ, ಅಷ್ಟು ದಿನ ಅದನ್ನು ಬಿಡಿ.

ಸ್ಕ್ಯಾನ್ ನೋಡಿ ಟೆಕ್ನಾಲಜಿಸ್ಟ್ "ಇವತ್ತು ಸರಿಯಿಲ್ಲ, ಎದ್ದು ಟಾಯ್ಲೆಟ್‌ಗೆ ಹೋಗಿ ಬನ್ನಿ" ಅಂದರೆ ಬೇಸರ ಮಾಡಿಕೊಳ್ಳಬೇಡಿ. ಅವರು ನಿಮ್ಮ ಕರುಳನ್ನು ಕಾಪಾಡುತ್ತಿದ್ದಾರೆ. ಮೂತ್ರ ತಡೆಯಲು ಆಗುತ್ತಲೇ ಇಲ್ಲ ಅಂತಾದರೆ ಬಾಯಿ ಬಿಟ್ಟು ಹೇಳಿ. ಅದಕ್ಕೂ ಉಪಾಯ ಇದೆ.

ಮಷಿನ್ ಕೆಳಗೆ ನೋವಾಗುತ್ತಾ?

ಇಲ್ಲ, ಎಕ್ಸ್‌ರೇ ತೆಗೆಸಿದ ಹಾಗೇ. ಏನೂ ಗೊತ್ತಾಗುವುದಿಲ್ಲ. ಕಿರಣ ಕೊಡುವ ಮಷಿನ್, ಅಂದರೆ ಲೀನಿಯರ್ ಆಕ್ಸಿಲರೇಟರ್, ನಿಮ್ಮ ಸುತ್ತ ತಿರುಗುತ್ತದೆ, ಸದ್ದು ಬರುತ್ತದೆ. ಮಲಗಿ ಏಳುವುದೆಲ್ಲ ಸೇರಿ 10ರಿಂದ 20 ನಿಮಿಷ, ಕಿರಣ ಬರುವುದು ಅದರಲ್ಲಿ ಸ್ವಲ್ಪ ಹೊತ್ತು ಮಾತ್ರ. ರೂಮಿನಲ್ಲಿ ಒಬ್ಬರೇ ಇರುತ್ತೀರಿ, ಆದರೆ ಹೊರಗಿನಿಂದ ನೋಡುತ್ತಿರುತ್ತಾರೆ. ಕೈ ಎತ್ತಿದರೆ ನಿಲ್ಲಿಸುತ್ತಾರೆ.

ಮನೆಯಲ್ಲಿ ಪುಟ್ಟ ಮಕ್ಕಳಿದ್ದಾರೆ, ಗರ್ಭಿಣಿ ಮಗಳಿದ್ದಾಳೆ. ಹತ್ತಿರ ಬರಬಹುದಾ?

ಹೊರಗಿನ ಮಷಿನ್‌ನಿಂದ ಕೊಡುವ ರೇಡಿಯೇಷನ್ ಆದರೆ ಧಾರಾಳವಾಗಿ ಬರಬಹುದು. ಮಷಿನ್ ನಿಂತ ಕ್ಷಣ ಕಿರಣವೂ ಮುಗಿಯಿತು. ನಿಮ್ಮ ಮೈಯಲ್ಲಿ, ಬೆವರಲ್ಲಿ, ಬಟ್ಟೆಯಲ್ಲಿ ಏನೂ ಉಳಿದಿರುವುದಿಲ್ಲ. ಮೊಮ್ಮಗುವನ್ನು ಎತ್ತಿ ಮುದ್ದಾಡಿ. ಈ ತಪ್ಪು ಭಯದಿಂದ ಮನೆಯವರಿಂದ ದೂರ ಕೂರುವವರನ್ನು ಕಂಡರೆ ಸಂಕಟವಾಗುತ್ತದೆ. ಚಿಕಿತ್ಸೆಯ ದಿನಗಳಲ್ಲೇ ತಮ್ಮವರು ಹತ್ತಿರ ಬೇಕಾಗುವುದು ಅಲ್ವಾ?

ಬ್ರಾಕಿಥೆರಪಿ, ಅಂದರೆ ವಿಕಿರಣದ ಮೂಲವನ್ನೇ ಪ್ರಾಸ್ಟೇಟ್ ಒಳಗಿಟ್ಟು ಕೊಡುವ ಚಿಕಿತ್ಸೆಯಲ್ಲಿ ಸ್ವಲ್ಪ ಬೇರೆ. ಅದರಲ್ಲಿ ಎರಡು ಬಗೆ. ಒಂದರಲ್ಲಿ ಇರಿಡಿಯಂ ಮೂಲವನ್ನು ಸೂಜಿಗಳ ಮೂಲಕ ಕೆಲವು ನಿಮಿಷ ಒಳಗೆ ಕಳಿಸಿ ವಾಪಸ್ ತೆಗೆಯುತ್ತಾರೆ. ಅದರಿಂದಲೂ ಮೈಯಲ್ಲಿ ಏನೂ ಉಳಿಯುವುದಿಲ್ಲ. ಇನ್ನೊಂದರಲ್ಲಿ ಅಕ್ಕಿ ಕಾಳಿನಷ್ಟು ಚಿಕ್ಕ ವಿಕಿರಣ ಬೀಜಗಳನ್ನು ಪ್ರಾಸ್ಟೇಟ್ ಒಳಗೆ ಶಾಶ್ವತವಾಗಿ ಬಿಡುತ್ತಾರೆ. ಸಾಮಾನ್ಯವಾಗಿ ಅವು ಅಯೋಡಿನ್-125 ಬೀಜಗಳು. ಅದರ ಶಕ್ತಿ ಸುಮಾರು 60 ದಿನಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಮೈಯಿಂದ ಹೊರಗೆ ಬರುವುದು ತೀರಾ ಕಡಿಮೆ. ಆದರೂ ಮೊದಲ ಎರಡು ತಿಂಗಳು ಮಕ್ಕಳನ್ನು ತುಂಬಾ ಹೊತ್ತು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಗರ್ಭಿಣಿಯರ ಪಕ್ಕ ಅಂಟಿಕೊಂಡು ಕೂರಬೇಡಿ ಅನ್ನುತ್ತಾರೆ. ಒಂದೇ ಮನೆಯಲ್ಲಿ ಇರಬಹುದು, ಜೊತೆಗೆ ಊಟ ಮಾಡಬಹುದು.

ಪ್ರೋಟಾನ್ ಚಿಕಿತ್ಸೆ ಇನ್ನೂ ಒಳ್ಳೆಯದಂತೆ, ಸಾಲ ಮಾಡಿಯಾದರೂ ಕೊಡಿಸಬೇಕಾ?

ಬೇಡ. ಇದರಲ್ಲಿ ಎಕ್ಸ್‌ರೇ ಬದಲು ಪ್ರೋಟಾನ್ ಎಂಬ ಕಣಗಳ ಕಿರಣ ಕೊಡುತ್ತಾರೆ. ಆ ಕಿರಣ ಗುರಿಯಲ್ಲೇ ನಿಲ್ಲುತ್ತದೆ ಎನ್ನುವುದು ನಿಜ. ಮಕ್ಕಳ ಕೆಲವು ಕ್ಯಾನ್ಸರ್‌ಗಳಲ್ಲಿ ಅದರಿಂದ ದೊಡ್ಡ ಲಾಭವಿದೆ. ಆದರೆ ಪ್ರಾಸ್ಟೇಟ್‌ನಲ್ಲಿ ಈಗಿನ ಒಳ್ಳೆಯ ಎಕ್ಸ್‌ರೇ ಚಿಕಿತ್ಸೆಗಿಂತ ಅದು ಮೇಲು ಅಂತ ಸಾಬೀತಾಗಿಲ್ಲ.

ಕೂದಲು ಉದುರುತ್ತಾ? ವಾಂತಿ ಬರುತ್ತಾ?

ತಲೆಕೂದಲು ಉದುರುವುದಿಲ್ಲ. ಕಿರಣ ಹಾಯುವ ಜಾಗದ ರೋಮ ಸ್ವಲ್ಪ ಹೋಗಬಹುದು. ವಾಂತಿ ಸಾಮಾನ್ಯವಾಗಿ ಇಲ್ಲ. ಇವೆಲ್ಲ ಕೀಮೋಥೆರಪಿಯ ಮಾತುಗಳು, ಇದು ಅದಲ್ಲ.

ಮೂತ್ರದ ತೊಂದರೆ ಯಾವಾಗ ಶುರು, ಯಾವಾಗ ಮುಗಿಯುತ್ತೆ?

ಮೊದಲ ವಾರ "ಏನೂ ಆಗಿಲ್ಲ" ಅನಿಸುತ್ತದೆ. ಎರಡು ಮೂರನೇ ವಾರದಿಂದ ಪದೇ ಪದೇ ಹೋಗಬೇಕೆನಿಸುವುದು, ಉರಿ, ಧಾರೆ ಸಣ್ಣಗಾಗುವುದು, ರಾತ್ರಿ ಮೂರು ನಾಲ್ಕು ಸಲ ಏಳುವುದು ಕಾಣಿಸಿಕೊಳ್ಳಬಹುದು. ಚಿಕಿತ್ಸೆ ಮುಗಿದ ಹೊತ್ತಿಗೆ ಜಾಸ್ತಿಯಾಗಿ, ನಂತರದ 4ರಿಂದ 6 ವಾರಗಳಲ್ಲಿ ಹೆಚ್ಚಿನವರಿಗೆ ಇಳಿಯುತ್ತದೆ. ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ಧಾರೆ ಸುಧಾರಿಸುತ್ತದೆ. ಕಾಫಿ, ಟೀ, ಮದ್ಯ ಕಡಿಮೆ ಮಾಡಿದರೆ ಉರಿ ತಗ್ಗುತ್ತದೆ. ಹೆದರಿ ನೀರು ಕುಡಿಯುವುದನ್ನೇ ಬಿಟ್ಟರೆ ಮೂತ್ರ ಗಟ್ಟಿಯಾಗಿ ಉರಿ ಇನ್ನೂ ಹೆಚ್ಚುತ್ತದೆ.

ಮೂತ್ರ ಪೂರ್ತಿ ಕಟ್ಟಿಹೋದರೆ, ಅಥವಾ ಚಳಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ.

ಮುಗಿದು ಒಂದು ವರ್ಷದ ಮೇಲೆ ಮಲದಲ್ಲಿ ರಕ್ತ ಬಂದರೆ?

ಗುದನಾಳದ ಒಳಪದರದ ರಕ್ತನಾಳಗಳು ರೇಡಿಯೇಷನ್‌ನಿಂದ ತೆಳುವಾಗಿ ಹೀಗಾಗಬಹುದು. ಸ್ವಲ್ಪ ಇದ್ದರೆ ಬಹಳಷ್ಟು ಸಲ ಮಲ ಮೃದುವಾಗಿಟ್ಟುಕೊಂಡರೇ ಸಾಕು. ಆದರೆ "ರೇಡಿಯೇಷನ್‌ದೇ ಇರಬೇಕು" ಅಂತ ನೀವೇ ತೀರ್ಮಾನ ಮಾಡಬೇಡಿ, ತೋರಿಸಿ. ಕರುಳಿನ ಬೇರೆ ಕಾಯಿಲೆಯೂ ಇರಬಹುದು.

ಒಂದು ಮುಖ್ಯ ಮಾತು. ಕೊಲೊನೋಸ್ಕೊಪಿ (ಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ) ಮಾಡುವ ಡಾಕ್ಟರ್‌ಗೆ "ನನಗೆ ಪ್ರಾಸ್ಟೇಟ್ ರೇಡಿಯೇಷನ್ ಆಗಿದೆ" ಎಂದು ಮೊದಲೇ ಹೇಳಿ. ಪ್ರಾಸ್ಟೇಟ್‌ಗೆ ತಾಗಿದ ಗುದನಾಳದ ಮುಂಗೋಡೆಯಿಂದ ತೀರಾ ಅಗತ್ಯವಿಲ್ಲದೆ ಬಯಾಪ್ಸಿ ತೆಗೆಯಬಾರದು. ವಿಕಿರಣ ತಾಗಿದ ಜಾಗದ ಗಾಯ ಸರಿಯಾಗಿ ಮಾಯದೆ, ಮೂತ್ರದ ದಾರಿಗೂ ಮಲದ ದಾರಿಗೂ ತೂತು ಬೀಳುವ ಅಪಾಯ ಇದೆ. ಅಪರೂಪ, ಆದರೆ ಬಹಳ ಕಷ್ಟ ಕೊಡುವಂಥದ್ದು.

ಲೈಂಗಿಕ ಜೀವನ ಮುಗಿದಂತೆಯೇ?

ಹಾಗೇನಿಲ್ಲ. ನಿಮಿರುವ ಶಕ್ತಿ ಕೆಲವು ವರ್ಷಗಳಲ್ಲಿ ನಿಧಾನವಾಗಿ ಕಡಿಮೆಯಾಗಬಹುದು. ಎಷ್ಟು ಅನ್ನುವುದು ವಯಸ್ಸು, ಸಕ್ಕರೆ ಕಾಯಿಲೆ, ಸಿಗರೇಟು, ಹಾರ್ಮೋನ್ ಇಂಜೆಕ್ಷನ್, ಮೊದಲು ಹೇಗಿತ್ತು ಎಂಬುದರ ಮೇಲಿದೆ. ಸಿಲ್ಡೆನಾಫಿಲ್, ಟಡಾಲಾಫಿಲ್ ಮಾತ್ರೆಗಳು ಅನೇಕರಿಗೆ ಕೆಲಸ ಮಾಡುತ್ತವೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಇವನ್ನು ಮುಟ್ಟಲೇಬಾರದು, ರಕ್ತದೊತ್ತಡ ಅಪಾಯದ ಮಟ್ಟಕ್ಕೆ ಬೀಳುತ್ತದೆ.

ವೀರ್ಯ ಕಡಿಮೆಯಾಗುತ್ತದೆ ಅಥವಾ ಬರುವುದೇ ಇಲ್ಲ. ಸುಖದ ಅನುಭವ ಹೋಗುವುದಿಲ್ಲ. ಮುಂದೆ ಮಗು ಬೇಕು ಅನ್ನುವವರು ಶುರುವಿಗೆ ಮೊದಲೇ ವೀರ್ಯ ಕಾಯ್ದಿರಿಸಬೇಕು. ಹೆಂಡತಿಯನ್ನೂ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮೌನವಾಗಿದ್ದರೆ ಇಬ್ಬರೂ ತಪ್ಪು ಅರ್ಥ ಮಾಡಿಕೊಂಡು ದೂರವಾಗುತ್ತಾರೆ.

ಯಾರಿಗೆ ರೇಡಿಯೇಷನ್ ಆಗುವುದಿಲ್ಲ?

ಮೊದಲೇ ಕಿಬ್ಬೊಟ್ಟೆಗೆ ರೇಡಿಯೇಷನ್ ಆಗಿದ್ದರೆ, ಅಲ್ಸರೇಟಿವ್ ಕೊಲೈಟಿಸ್ ಅಥವಾ ಕ್ರೋನ್ಸ್ ಎಂಬ ಕರುಳಿನ ಉರಿಯೂತದ ಕಾಯಿಲೆ ಈಗ ಕೆರಳಿದ್ದರೆ ತುಂಬಾ ಯೋಚಿಸಬೇಕು. ಮೂತ್ರ ಹೋಗಲು ತೀರಾ ಕಷ್ಟ ಇದ್ದರೆ ಮೊದಲು ಅದನ್ನು ಸರಿಮಾಡಬೇಕು. ಪೇಸ್‌ಮೇಕರ್, ಸೊಂಟದ ಕೀಲು ಬದಲಿಸಿದ್ದು ಇದ್ದರೆ ಪ್ಲಾನಿಂಗ್ ಮೊದಲು ತಿಳಿಸಿ, ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಬರೀ ವಯಸ್ಸು ಅಡ್ಡಿಯಲ್ಲ.

ಮುಗಿದು ಮೂರು ತಿಂಗಳಾದರೂ ಪಿಎಸ್‌ಎ ಸೊನ್ನೆ ಆಗಿಲ್ಲ. ಚಿಕಿತ್ಸೆ ಫಲಿಸಲಿಲ್ಲವೇ?

ಆಪರೇಷನ್ ಆದವರ ಪಿಎಸ್‌ಎ ಜೊತೆ ಹೋಲಿಸಬೇಡಿ. ಅವರಲ್ಲಿ ಪ್ರಾಸ್ಟೇಟೇ ಇಲ್ಲ, ನಿಮ್ಮಲ್ಲಿ ಇದೆ. ರೇಡಿಯೇಷನ್ ನಂತರ ಅದು ತಳ ಮುಟ್ಟಲು ಒಂದೂವರೆ, ಎರಡು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ನಡುವೆ ಒಮ್ಮೆ ಸ್ವಲ್ಪ ಏರಿ ತಾನಾಗಿ ಇಳಿಯುವುದೂ ಉಂಟು, ಬ್ರಾಕಿಥೆರಪಿ ಆದವರಲ್ಲಿ ಇದು ಹೆಚ್ಚು. ಹಾರ್ಮೋನ್ ಇಂಜೆಕ್ಷನ್ ನಿಂತು ಟೆಸ್ಟೋಸ್ಟೆರಾನ್ ವಾಪಸ್ ಬಂದಾಗಲೂ ತುಸು ಏರುತ್ತದೆ. ಅತಿ ಕಡಿಮೆ ಇದ್ದ ಮಟ್ಟಕ್ಕಿಂತ 2 ನ್ಯಾನೋಗ್ರಾಂ ಅಥವಾ ಹೆಚ್ಚು ಏರಿದರೆ ಕ್ಯಾನ್ಸರ್ ಮರಳಿದೆ ಎಂದು ಪರಿಗಣಿಸುತ್ತಾರೆ. ಆಗ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಮಾಡಿ ಎಲ್ಲಿದೆ ಎಂದು ಹುಡುಕುತ್ತಾರೆ.

ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಲ್ಯಾಬ್ ಬದಲಾದರೆ ಅಂಕಿಯೂ ಸ್ವಲ್ಪ ಬದಲಾಗಿ, ಸುಮ್ನೆ ನಿದ್ದೆಗೆಡಿಸುತ್ತದೆ.

ಆಪರೇಷನ್ ಆಗಿತ್ತು, ಈಗ ಪಿಎಸ್‌ಎ ಏರುತ್ತಿದೆ. ರೇಡಿಯೇಷನ್ ಕೊಡಬಹುದಾ?

ಕೊಡಬಹುದು, ಮತ್ತು ಇಲ್ಲಿ ಬೇಗ ಹೋಗುವುದು ಮುಖ್ಯ. ಪಿಎಸ್‌ಎ 0.2 ಮುಟ್ಟಿ ಏರುತ್ತಿದ್ದರೆ ರೇಡಿಯೇಷನ್ ತಜ್ಞರನ್ನು ಕಾಣಿ. 0.5 ದಾಟುವ ಮೊದಲೇ ಕೊಟ್ಟರೆ ಫಲ ಚೆನ್ನಾಗಿರುತ್ತದೆ. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ ಅಂತ ಏರುವುದನ್ನೇ ನೋಡುತ್ತಾ ಕೂರಬೇಡಿ. ಅಷ್ಟು ಕಡಿಮೆ ಇದ್ದಾಗ ಕಾಣದಿರುವುದು ಸಾಮಾನ್ಯ.

ರೇಡಿಯೇಷನ್ನಿಂದಲೇ ಇನ್ನೊಂದು ಕ್ಯಾನ್ಸರ್ ಬರುತ್ತಾ?

ವರ್ಷಗಳ ನಂತರ ಮೂತ್ರಕೋಶ ಅಥವಾ ಗುದನಾಳದಲ್ಲಿ ಬರುವ ಸಾಧ್ಯತೆ ಇದೆ, ಆದರೆ ಸಣ್ಣದು. 50ರ ಆಸುಪಾಸಿನವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. 75 ವರ್ಷದವರಿಗೆ ಇದು ದೊಡ್ಡ ಚಿಂತೆಯಲ್ಲ. ಸಿಗರೇಟು ಬಿಟ್ಟರೆ ಮೂತ್ರಕೋಶದ ಅಪಾಯ ಇನ್ನೂ ತಗ್ಗುತ್ತದೆ.

ಕ್ಯಾನ್ಸರ್ ಮೂಳೆಗೆ ಹರಡಿದೆ. ಈಗಲೂ ರೇಡಿಯೇಷನ್‌ನಿಂದ ಉಪಯೋಗ ಇದೆಯಾ?

ಇದೆ. ಹರಡಿದ್ದು ಕಡಿಮೆ ಇದ್ದಾಗ, ಮಾಮೂಲಿ ಔಷಧಿಯ ಜೊತೆ ಪ್ರಾಸ್ಟೇಟ್‌ಗೂ ರೇಡಿಯೇಷನ್ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ ಎಂದು ಸ್ಟ್ಯಾಂಪೀಡ್ ಅಧ್ಯಯನ 2018ರಲ್ಲಿ ತೋರಿಸಿತು. ಆ ಗುಂಪಿನಲ್ಲಿ 3 ವರ್ಷದ ನಂತರ ಬದುಕಿದ್ದವರು ಶೇ. 81, ರೇಡಿಯೇಷನ್ ಇಲ್ಲದವರಲ್ಲಿ ಶೇ. 73. ತುಂಬಾ ಕಡೆ ಹರಡಿದ್ದವರಲ್ಲಿ ಈ ಲಾಭ ಕಾಣಲಿಲ್ಲ.

ಮೂಳೆ ನೋವಿಗಂತೂ ಇದು ಬಹಳ ಒಳ್ಳೆಯ ಮದ್ದು. ಎಷ್ಟೋ ಸಲ 8 ಗ್ರೇ ಒಂದೇ ಬಾರಿ ಕೊಟ್ಟರೆ ಸಾಕು. ಮೊದಲ ಒಂದೆರಡು ದಿನ ನೋವು ಸ್ವಲ್ಪ ಕೆರಳಬಹುದು, ಆಮೇಲೆ ಕೆಲವು ವಾರಗಳಲ್ಲಿ ಇಳಿಯುತ್ತದೆ. "ನೋವು ಇರೋದೇ" ಅಂತ ಸಹಿಸಿಕೊಂಡು ಕೂರಬೇಡಿ, ಕೇಳಿ ಪಡೆಯಿರಿ.

ಬೆನ್ನುನೋವಿನ ಜೊತೆ ಕಾಲಿನಲ್ಲಿ ಬಲ ಕಡಿಮೆಯಾದರೆ, ಜೋಮು ಹಿಡಿದರೆ, ಮೂತ್ರ ಅಥವಾ ಮಲ ಹಿಡಿತ ತಪ್ಪಿದರೆ, ಗಡ್ಡೆ ಬೆನ್ನುಹುರಿಯನ್ನು ಒತ್ತುತ್ತಿರಬಹುದು. ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ನಡೆಯುವ ಶಕ್ತಿ ಇರುವಾಗಲೇ ಚಿಕಿತ್ಸೆ ಸಿಕ್ಕರೆ ಅದನ್ನು ಉಳಿಸಿಕೊಳ್ಳುವ ಸಾಧ್ಯತೆ ಹೆಚ್ಚು. ಒಮ್ಮೆ ಪೂರ್ತಿ ಹೋದರೆ ವಾಪಸ್ ತರುವುದು ಕಷ್ಟ.